ಮೇಲಿನ ಸಾಲು, ಕೆಳಗಿನ ಪ್ರಶ್ನೆ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ನೋಡಲು ಬಂದಾಗ ಕೇಳುವ ಮೊದಲ ಪ್ರಶ್ನೆ ಒಂದೇ: "ಮೇಡಂ, ನಿಮ್ಮ ಕಾಲದಲ್ಲಿ ಎಷ್ಟು ನಿಯಮಗಳಿದ್ದವು?" ಹನ್ನೊಂದು ಎನ್ನುತ್ತೇನೆ. ಈಗ ನೂರರ ಮೇಲಿವೆಯಂತೆ. ಅವರ ಮುಖದಲ್ಲಿ ನನ್ನ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚು, ಸ್ವಲ್ಪ ಕನಿಕರ ಎರಡೂ ಕಾಣುತ್ತವೆ.

ಜನ ಬರೆದು ಕಳಿಸಿದ್ದನ್ನು ಓದಿ, ಇದು ಎಲ್ಲರಿಗೂ ಕಾಣಲಿ, ಇದು ಬೇಡ ಎಂದು ತೀರ್ಮಾನಿಸುವುದು ನನ್ನ ಕೆಲಸವಾಗಿತ್ತು. ಕಂಪ್ಯೂಟರ್ ಬಂದ ಮೇಲೆ ಅದಕ್ಕೆ ಮಾಡರೇಟರ್ ಎಂದು ಹೆಸರಿಟ್ಟರು. ನಮ್ಮ ಮನೆಯವರು ಮಾತ್ರ ಕೊನೆಯವರೆಗೂ ಅದನ್ನು "ಅಳಿಸೋ ಕೆಲಸ" ಎಂದೇ ಕರೆದರು. ನೆಂಟರ ಮದುವೆಗಳಲ್ಲಿ ಯಾರಾದರೂ ಕೇಳಿದರೆ, "ಇವಳು ಬೆಳಗ್ಗೆ ಹತ್ತಕ್ಕೆ ಹೋಗಿ ಐದರವರೆಗೆ ಅಳಿಸಿ ಬರ್ತಾಳೆ" ಎನ್ನುತ್ತಿದ್ದರು. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ತೊಂಬತ್ತರ ದಶಕದಲ್ಲಿ ನಂಜನಗೂಡಿನ ಒಂದು ಸಣ್ಣ ಸಂಸ್ಥೆಗೆ ನಾನು ಬೆರಳಚ್ಚುಗಾರ್ತಿಯಾಗಿ ಸೇರಿದೆ. ನಂಜನಗೂಡು, ತಿ. ನರಸೀಪುರದ ಕಡೆಯ ರೇಷ್ಮೆ ಬೆಳೆಗಾರರಿಗೆ ಸಲಹೆ ಕೊಡುವ ಸಂಸ್ಥೆ ಅದು. ಹುಳು ಸಾಕುವವರು ತಮ್ಮ ತೊಂದರೆಯನ್ನು ಅಂಚೆ ಕಾರ್ಡಿನಲ್ಲಿ ಬರೆದು ಹಾಕುತ್ತಿದ್ದರು. ತಜ್ಞರು ಉತ್ತರ ಬರೆದುಕೊಡುತ್ತಿದ್ದರು. ಪ್ರಶ್ನೆ ಮತ್ತು ಉತ್ತರ ಎರಡನ್ನೂ ನಾನು ಸ್ಟೆನ್ಸಿಲ್ ಹಾಳೆಯ ಮೇಲೆ ಬೆರಳಚ್ಚು ಮಾಡಿ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಮಸಿ ಹಚ್ಚಿ ಪ್ರತಿ ತೆಗೆದು, ತಿಂಗಳಿಗೊಂದು ಹಾಳೆಯಂತೆ ಹಳ್ಳಿಗಳಿಗೆ ಕಳಿಸುತ್ತಿದ್ದೆ. ಮನೆಗೆ ಹೋಗುವಾಗ ಎರಡು ಕೈಯೂ ಕಪ್ಪಾಗಿರುತ್ತಿದ್ದವು.

ಆಗಿನ ನಮ್ಮ ಅಧಿಕಾರಿ ರಾಮಕೃಷ್ಣಯ್ಯನವರು. ಮೂಗಿನ ತುದಿಗೆ ಕನ್ನಡಕ, ಕಿವಿಯ ಮೇಲೆ ಕೆಂಪು ಪೆನ್ಸಿಲ್. ಪ್ರತಿ ಕಾರ್ಡೂ ಒಂದೇ ರೀತಿ ಶುರುವಾಗುತ್ತಿತ್ತು: ಇತ್ತ ಎಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ. ಆಮೇಲೆ ಹುಳುವಿನ ಸಮಾಚಾರ. ಹಾಳೆಯಲ್ಲಿ ಜಾಗ ಕಡಿಮೆ ಇದ್ದುದರಿಂದ ಆ ಮೊದಲ ಸಾಲನ್ನು ಹೊಡೆದು ಹಾಕುವುದು ನನಗೆ ಅಭ್ಯಾಸವಾಯಿತು. ಓದದೆಯೇ ಹೊಡೆಯುತ್ತಿದ್ದೆ. ಒಂದು ದಿನ ರಾಮಕೃಷ್ಣಯ್ಯನವರು ನೋಡಿದರು.

"ಹೊಡೀರಿ, ಬೇಡ ಅನ್ನಲ್ಲ. ಓದಿ ಹೊಡೀರಿ ಪದ್ಮಾವತಿ. ಕೆಳಗಿನ ಪ್ರಶ್ನೆ ಹಾಳೆಗೆ. ಮೇಲಿನ ಸಾಲು ನಮಗೆ ಬರೆದಿರೋದು."

ಅವರು ಹೇಳಿದ್ದು ಕೇಳಿಸಿಕೊಂಡೆ. ಅರ್ಥವಾಗುವುದಕ್ಕೆ ಹತ್ತು ವರ್ಷ ಹಿಡಿಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಚೇರಿಗೆ ಕಂಪ್ಯೂಟರುಗಳು ಬಂದವು, ರಾಮಕೃಷ್ಣಯ್ಯನವರು ನಿವೃತ್ತರಾದರು, ಸೈಕ್ಲೋಸ್ಟೈಲ್ ಯಂತ್ರ ಮೂಲೆ ಸೇರಿತು. ಊರೂರಿನಲ್ಲಿ ಮಾಹಿತಿ ಕೇಂದ್ರಗಳನ್ನು ತೆರೆದರು. ಕೇಂದ್ರವೆಂದರೆ ಹೆಚ್ಚಿನ ಕಡೆ ಎಸ್‌ಟಿಡಿ ಬೂತಿನಲ್ಲೇ ಒಂದು ಮೇಜು, ಒಂದು ಕಂಪ್ಯೂಟರ್. ಬೆಳೆಗಾರರು ಬಂದು ಬಾಯಲ್ಲಿ ಹೇಳುತ್ತಿದ್ದರು, ಕೇಂದ್ರದವರು ಟೈಪ್ ಮಾಡಿ ಅಂತರ್ಜಾಲದ ಚರ್ಚಾ ಪುಟಕ್ಕೆ ಕಳಿಸುತ್ತಿದ್ದರು. ನಾನು ನಂಜನಗೂಡಿನಲ್ಲಿ ಕೂತು ಓದಿ ಒಪ್ಪಿದ ಮೇಲೆ ಅದು ಎಲ್ಲ ಕೇಂದ್ರಗಳಲ್ಲೂ ಕಾಣುತ್ತಿತ್ತು. ಓದಲು ಬಾರದವರು ಬೆಂಚಿನ ಮೇಲೆ ಕೂತರೆ ಕೇಂದ್ರದವರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ಬೆಂಗಳೂರಿನಿಂದ ಹನ್ನೊಂದು ನಿಯಮಗಳ ಪಟ್ಟಿ ಬಂತು. ಜೊತೆಗೆ ನಿಷೇಧಿತ ಪದಗಳನ್ನು ತಾನೇ ಹಿಡಿದು ನಿಲ್ಲಿಸುವ ಸಾಫ್ಟ್‌ವೇರೂ ಬಂತು. ಮನುಷ್ಯರ ಕಾಯಿಲೆಗೆ ಇಲ್ಲಿ ಔಷಧಿ ಹೇಳಬಾರದು ಎಂಬುದು ಒಂದು ನಿಯಮ. ಅದಕ್ಕಾಗಿ ಕೆಮ್ಮು, ಭೇದಿ, ಜ್ವರ ಎಲ್ಲವನ್ನೂ ಪಟ್ಟಿಗೆ ಸೇರಿಸಿದ್ದರು. ರೇಷ್ಮೆ ಹುಳು ಪೊರೆ ಬಿಡುವ ಹೊತ್ತಿಗೆ ಮೇವು ಬಿಟ್ಟು ತಲೆ ಎತ್ತಿ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳುವಿನ ಬಾಳಿನಲ್ಲಿ ನಾಲ್ಕು ಜ್ವರ. ಮೊದಲ ವಾರ ಬಂದ ಪ್ರಶ್ನೆಗಳೆಲ್ಲ ಅಲ್ಲೇ ನಿಂತುಬಿಟ್ಟವು. ಬೆಂಗಳೂರಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ, "ಅಷ್ಟೊಂದು ಜನಕ್ಕೆ ಜ್ವರವೇ, ಊರಿಗೆ ಡಾಕ್ಟರ್ ಕಳಿಸಬೇಕೇ?" ಎಂದು ನಿಜವಾಗಿಯೂ ಗಾಬರಿಯಾಗಿ ಕೇಳಿದಳು. ಆ ದಿನ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ನಿಯಮಗಳೆಲ್ಲ ಇಷ್ಟೇ ಎಂಬ ಉಡಾಫೆ ನನಗೆ ಬಂದದ್ದೂ ಆ ದಿನವೇ.

ಆ ಉಡಾಫೆಯ ಫಲವನ್ನು ಬೇರೆಯವರು ಉಂಡರು. ಮನೆಮದ್ದು ಏನೇ ಬಂದರೂ ತಜ್ಞರಿಗೆ ತೋರಿಸದೆ ಹಾಕಬಾರದು ಎಂಬುದು ಏಳನೇ ನಿಯಮ. ನನಗೆ ಚೆನ್ನಾಗಿ ಪರಿಚಯವಿದ್ದ ಹಿರಿಯ ಬೆಳೆಗಾರರೊಬ್ಬರು, ಇರುವೆ ಕಾಟಕ್ಕೆ ಹೊಗೆಸೊಪ್ಪು ಇಡಿ ಎಂದು ಬರೆಸಿದ್ದರು. ಅವರ ಅನುಭವದ ಮುಂದೆ ತಜ್ಞರು ಯಾವ ಲೆಕ್ಕ ಎಂದು ನಾನೇ ಒಪ್ಪಿ ಹಾಕಿದೆ. ಅವರು ಹೇಳಿದ್ದು ಹುಳುಮನೆಯ ಹೊರಗೆ, ಬಾಗಿಲ ಹತ್ತಿರ. ಓದಿಸಿಕೊಂಡ ಒಬ್ಬ ಹೆಂಗಸು ತಟ್ಟೆಗಳ ಪಕ್ಕದಲ್ಲೇ ಇಟ್ಟಳು. ಹೊಗೆಸೊಪ್ಪು ರೇಷ್ಮೆ ಹುಳುವಿಗೆ ವಿಷ. ನಾಲ್ಕನೇ ಜ್ವರ ಎದ್ದು ಗಬಗಬ ಮೇಯುತ್ತಿದ್ದ ಹುಳುಗಳು ಹಸಿರು ವಾಂತಿ ಮಾಡಿಕೊಂಡು ಸತ್ತವು. ನಾನು ಹೋಗಿ ನೋಡಿದೆ. ಆಕೆ ನನ್ನನ್ನು ಬೈಯಲಿಲ್ಲ, ಕಾಫಿ ಕೊಟ್ಟಳು. ಕುಡಿಯಲು ಆಗಲಿಲ್ಲ. ನಿಯಮ ಬೇಡ, ತಿಳಿವಳಿಕೆ ಸಾಕು ಎಂದು ನಿಮ್ಮಲ್ಲಿ ಯಾರಾದರೂ ಅಂದುಕೊಂಡಿದ್ದರೆ ಆ ಕಾಫಿಯನ್ನು ನೆನಪಿಟ್ಟುಕೊಳ್ಳಿ.

ಇನ್ನು ನಾಲ್ಕನೇ ನಿಯಮದ ಕತೆ. ಸ್ವಂತ ಮನೆಯ ವಿಷಯ ಪುಟದಲ್ಲಿ ಬರಬಾರದು. ಇದರ ಪ್ರಕಾರ ಕ್ಷೇಮದ ಸಾಲೂ ಬರುವಂತಿರಲಿಲ್ಲ. ಕಾರ್ಡು ಹೋಗಿ ಕಂಪ್ಯೂಟರ್ ಬಂದರೂ ನಮ್ಮ ಜನ ಮಾತ್ರ ಇತ್ತ ಎಲ್ಲರೂ ಕ್ಷೇಮ ಎಂದೇ ಶುರು ಮಾಡುತ್ತಿದ್ದರು. ನಾನು ತೆಗೆಯುತ್ತಿದ್ದೆ. ಹೆಚ್ಚಿನವರು ಗಮನಿಸಲೂ ಇಲ್ಲ.

ನರಸೀಪುರದ ಕೇಂದ್ರದಿಂದ ಪ್ರತಿ ಸಂತೆ ದಿನ ಮಂಗಳಾ ಎಂಬಾಕೆಯ ಪ್ರಶ್ನೆ ಬರುತ್ತಿತ್ತು. ಸೊಪ್ಪು ಎಷ್ಟು ಹೊತ್ತಿಗೆ ಹಾಕಬೇಕು, ಸುಣ್ಣ ಯಾವಾಗ ಉದುರಿಸಬೇಕು, ಹೀಗೆ ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು. ಈಕೆ ಸ್ವಲ್ಪ ಮಂದ ಇರಬೇಕು ಎಂದುಕೊಂಡಿದ್ದೆ.

ಒಂದು ದಿನ ನಂಜನಗೂಡಿನ ಹತ್ತಿರದ ಕಳಲೆಯಿಂದ ಮಾದಪ್ಪನ ಫೋನ್ ಬಂತು. ಅಲ್ಲಿ ಎಸ್‌ಟಿಡಿ ಬೂತ್ ಇಟ್ಟುಕೊಂಡು ನಮ್ಮ ಕೇಂದ್ರ ನಡೆಸುತ್ತಿದ್ದವರು ಅವರು. ಮೊದಲು ಬಸ್ ಕಂಡಕ್ಟರ್ ಆಗಿದ್ದವರು, ಜನರ ಮುಖ ನೋಡಿಯೇ ಎಲ್ಲಿಗೆ ಟಿಕೆಟ್ ಎಂದು ಹೇಳಬಲ್ಲವರು.

"ಮೇಡಂ, ನರಸೀಪುರದ ಆ ಮಂಗಳಾದು ಮೊದ್ಲು ಒಂದು ಸಾಲು ಬತ್ತಿತ್ತಲ್ಲ, ಈ ಸಲ ಇಲ್ವಲ್ಲ?"

"ಕ್ಷೇಮದ್ದಾ? ಅದನ್ನ ತೆಗೀತೀವಿ ಮಾದಪ್ಪ. ಹಿಂದೆ ಎಷ್ಟೋ ಸಲ ನನ್ನ ಕಣ್ಣು ತಪ್ಪಿ ಬಂದಿರಬೇಕು."

"ತೆಗೀಬ್ಯಾಡಿ ಮೇಡಂ. ಇಲ್ಲಿ ಚಿಕ್ಕತಾಯಮ್ಮ ಅಂತ ಅವ್ರೆ. ಒಂದು ಉಳಾನೂ ಸಾಕಿಲ್ಲ ಆವಮ್ಮ. ಸಂತೆ ಮಾರ್ನೇ ದಿನ ಬತ್ತದೆ, ನರಸೀಪುರದ್ದು ಓದಪ್ಪ ಅಂತದೆ. ಮೊದಲ್ನೇ ಸಾಲು ಕೇಳ್ತದೆ, ಎದ್ದು ಓಯ್ತದೆ. ಪ್ರಸ್ನೆ ಏನು ಅಂತ್ಲೂ ಕೇಳಾಕಿಲ್ಲ. ಮಂಗಳಾ ಆವಮ್ಮನ ಮಗ್ಳು ಕಣಮ್ಮ."

ಮಂಗಳಾ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ನರಸೀಪುರದ ಹತ್ತಿರದ ಹಳ್ಳಿಗೆ ಹೋಗಿದ್ದಳು. ಅಪ್ಪ ಬೆಟ್ಟಪ್ಪ ಅವಳ ಹೆಸರನ್ನು ಮನೆಯಲ್ಲಿ ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಮಾದಪ್ಪನ ಬೂತಿಗೆ ಫೋನ್ ಮಾಡಿದರೆ ಅವರು ಮನೆಗೆ ಹೋಗಿ ತಾಯಿಯನ್ನು ಕರೆಯಬೇಕು, ಕರೆದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಪುಟದಲ್ಲಿ ಬರುವ ಸಾಲು ಯಾರನ್ನೂ ಕರೆಯುವುದಿಲ್ಲ. ಗೊತ್ತಿದ್ದವರು ಬಂದು ಕೇಳಿಸಿಕೊಂಡು ಹೋಗಬಹುದು. ಮಂದಬುದ್ಧಿ ಯಾರದ್ದೆಂದು ನನಗೆ ಆಗ ತಿಳಿಯಿತು.

ಅಂದಿನಿಂದ ಮಂಗಳಾಳ ಸಾಲನ್ನು ನಾನು ಬಿಡತೊಡಗಿದೆ. ಸುಮಾರು ಒಂದು ವರ್ಷ ಯಾರೂ ಕೇಳಲಿಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಬೆಚ್ಚನೆಯ ಹೆಮ್ಮೆಯೂ ಇತ್ತು.

ಅದನ್ನು ಇಳಿಸಿದವರು ಸಿದ್ದರಾಜು. ನಂಜನಗೂಡಿನ ಕಡೆಯ ಬೆಳೆಗಾರ, ತಾಂಡ್ಯ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬಂದು ಹುಳು ನೋಡಿಕೊಳ್ಳುತ್ತಿದ್ದವರು. ಒಂದು ಮಧ್ಯಾಹ್ನ ಸಮವಸ್ತ್ರದಲ್ಲೇ ಕಚೇರಿಗೆ ಬಂದರು. ಆಗ ನಮ್ಮ ಅಧಿಕಾರಿಯಾಗಿದ್ದ ಸುಧೀಂದ್ರ ಅವರ ಎದುರಿಗೇ ನಿಂತು ನನ್ನನ್ನು ಕೇಳಿದರು:

"ನಮ್ ತಮ್ಮ ಜಗಳ ಆಡ್ಕಂಡು ನರಸೀಪುರದ್ ಕಡೆ ಓಗವ್ನೆ. ಸಿಟ್ಟು ಬಿಟ್ಟು ಮನೆಗ್ ಬಾ ಅಂತ ಒಂದ್ ಸಾಲು ಬರ್ಸಿದ್ದೆ. ತೆಗೆದ್ರಿ. ಸರಿ, ನಿಯಮ ಅಂದ್ಕಂಡೆ. ಆದ್ರೆ ಆ ಮಂಗಳಾನ ಕ್ಷೇಮ ವಾರ ವಾರ ಬತ್ತದಲ್ಲ ಮೇಡಂ. ಅವ್ರಿಗೊಂದು ನಿಯಮ, ನಮ್ಗೊಂದಾ?"

ಉತ್ತರ ಇತ್ತು, ಆದರೆ ಹೇಳುವಂಥದ್ದಾಗಿರಲಿಲ್ಲ. ಮಂಗಳಾಳ ಕತೆ ನನಗೆ ಮಾದಪ್ಪನಿಂದ ಗೊತ್ತಾಗಿತ್ತು, ಸಿದ್ದರಾಜು ಅವರದು ಯಾರೂ ಹೇಳಿರಲಿಲ್ಲ. ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಏನೂ ಇರಲಿಲ್ಲ. ನನ್ನ ವಿವೇಚನೆ ನನಗೆ ಗೊತ್ತಿದ್ದವರಿಗೆ ಮಾತ್ರ ಸಿಗುತ್ತಿತ್ತು.

ಅವರು ಹೋದ ಮೇಲೆ ಸುಧೀಂದ್ರ ನನ್ನನ್ನು ಒಳಗೆ ಕರೆದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಕಡಿಮೆ, ಮೇಜಿನ ಮೇಲೆ ಪೆನ್ನೂ ಗೆರೆ ಎಳೆದ ಹಾಗೆ ನೇರ ಇರಬೇಕು. ಅವರಿಗೆ ಎಲ್ಲ ಹೇಳಿದೆ.

"ನನಗೂ ಬೇಜಾರಾಗುತ್ತೆ ಪದ್ಮಾವತಿ ಅವರೇ," ಎಂದರು. "ಆದರೆ ನೀವು ರಜೆ ಹಾಕಿದ ದಿನ ಆ ಕುರ್ಚಿಯಲ್ಲಿ ಬೇರೆಯವರು ಕೂರ್ತಾರೆ. ಅವರಿಗೆ ಈ ಕತೆ ಗೊತ್ತಿರಲ್ಲ. ನಿಮ್ಮ ಮನಸ್ಸಿನಲ್ಲಿರೋ ನಿಯಮನ ಜನ ಹೇಗೆ ಓದಬೇಕು? ಎಲ್ಲರದ್ದೂ ತೆಗೀರಿ."

ಅವರ ಮಾತಿನಲ್ಲಿ ಹುಳುಕು ಹುಡುಕಿದೆ, ಸಿಗಲಿಲ್ಲ. ಎಲ್ಲರದ್ದೂ ತೆಗೆದೆ.

ನಾನು ಮಾಡಿದ ತಪ್ಪು ಅದಲ್ಲ. ತೆಗೆಯುತ್ತಿದ್ದೇನೆಂದು ಮಾದಪ್ಪನಿಗೆ ಒಂದು ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಸಿದ್ದರಾಜು ಅವರ ಮುಂದೆ ಮುಖಭಂಗವಾದ ಸಿಟ್ಟಿನಲ್ಲಿ, ಇನ್ನು ಇದೆಲ್ಲ ನನಗೇಕೆ ಎಂದು ಸುಮ್ಮನಿದ್ದುಬಿಟ್ಟೆ. ಮಾದಪ್ಪ ಆ ದಿನಗಳಲ್ಲೇ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದರು, ಬೂತಿನಲ್ಲಿ ಅವರ ಭಾವಮೈದ ಕೂತಿದ್ದರು. ಅವರು ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳುತ್ತಿದ್ದರು. ಒಂದು ವಾರ, ಎರಡು ವಾರ, ಮೂರು ವಾರ, ಚಿಕ್ಕತಾಯಮ್ಮ ಬಂದು ಕೂತು, ಪ್ರಶ್ನೆಯನ್ನು ಮಾತ್ರ ಕೇಳಿಸಿಕೊಂಡು ಎದ್ದುಹೋದರು.

ನಾಲ್ಕನೇ ವಾರ ಅವರು ಬೂತಿಗೆ ಬರಲಿಲ್ಲ, ನಮ್ಮ ಕಚೇರಿಗೇ ಬಂದರು. ದೇವಸ್ಥಾನಕ್ಕೆ ಎಂದು ಮನೆಯಲ್ಲಿ ಹೇಳಿ ಬಂದಿದ್ದರು, ಕೈಯಲ್ಲಿ ಹಣ್ಣುಕಾಯಿಯ ಚೀಲ ಇತ್ತು. ಸಣ್ಣ ಆಕಾರದ ಹೆಂಗಸು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೇಳಿದರು:

"ಸಾಲು ತೆಗೆಯೋರು ಯಾರವ್ವ ಇಲ್ಲಿ?"

"ನಾನೇ ಅಮ್ಮ. ಕೂತ್ಕೊಳ್ಳಿ."

ಕೂರಲಿಲ್ಲ. "ನಾನು ಕಳಲೇಯೋಳು. ಮಂಗಳಾನ ಅವ್ವ. ಮೂರು ವಾರದಿಂದ ಮಗ್ಳ ಸುದ್ದಿ ಇಲ್ಲ ಅಂತ ನರಸೀಪುರಕ್ಕೆ ಓಗಿದ್ದೆ. ಮನೆ ಗೊತ್ತಿಲ್ಲ, ಕೇಳ್ಕಂಡು ಓದೆ. ಚೆನ್ನಾಗವ್ಳೆ. ಉಳಕ್ಕೆ ಸೊಪ್ಪಾಕ್ತಿದ್ಲು. ಮೂರು ವಾರವೂ ಬರ್ಸಿದ್ಲಂತೆ, ನೀವು ತೆಗೆದ್ರಂತೆ."

"ನಿಯಮ ಅಂತ ಇದೆ ಅಮ್ಮ."

"ಇರ್ಲಿ ಬುಡವ್ವ. ನಿಯಮ ಇರ್ಬೇಕು. ತೆಗ್ದಿದೀವಿ ಅಂತ ಒಂದ್ ಮಾತು ಏಳ್ಬೋದಾಗಿತ್ತು. ಅವ್ಳು ಬರ್ಸಿಲ್ಲ ಅಂತ ತಿಳ್ಕಂಡೆ ನಾನು."

ನರಸೀಪುರದಿಂದ ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಊರಿನವರು ಯಾರೋ ನೋಡಿ ಬೆಟ್ಟಪ್ಪನಿಗೆ ಹೇಳಿದ್ದರು. ಇನ್ನು ಮಾದಪ್ಪನ ಬೂತಿನ ಮೆಟ್ಟಿಲು ಹತ್ತಕೂಡದು ಎಂದು ಮನೆಯಲ್ಲಿ ಅಪ್ಪಣೆಯಾಗಿತ್ತು. ಅದನ್ನು ಹೇಳಲೆಂದೇ ಆಕೆ ಬಂದದ್ದು. "ಅವ್ಳು ಬರ್ಸ್ತಾ ಇರ್ಲಿ ಅನ್ನಿ. ನಾನು ಎಂಗೋ ಕೇಳ್ಕತೀನಿ," ಎಂದು ಹೇಳಿ, ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಮೇಜಿನ ಮೇಲಿಟ್ಟು ಹೋದರು. ನಾನು ಅತ್ತೆ. ಕಚೇರಿಯಲ್ಲಿ ಅತ್ತದ್ದು ಅದೊಂದೇ ಸಲ.

ಸುಧೀಂದ್ರ ಅವರ ಕೋಣೆಯ ಬಾಗಿಲು ತೆರೆದೇ ಇತ್ತು. ಮುಂದಿನ ಎರಡು ವಾರ ಅವರು ಬೆಂಗಳೂರಿನವರ ಜೊತೆ ಫೋನಿನಲ್ಲಿ ವಾದ ಮಾಡುವುದು ಕೇಳಿಸುತ್ತಿತ್ತು. ಆಮೇಲೆ ಪುಟದ ನಮೂನೆಯೇ ಬದಲಾಯಿತು. ಪ್ರಶ್ನೆಯ ಮೇಲೆ ಪ್ರತಿಯೊಬ್ಬರಿಗೂ ಒಂದು ಸಾಲಿನ ಜಾಗ, ಆರು ಪದ ಮೀರಬಾರದು, ಬೈಗುಳ ಇರಬಾರದು, ಕೆಳಗೆ ಪ್ರಶ್ನೆ ಇರಲೇಬೇಕು. ಏನನ್ನಾದರೂ ತೆಗೆದರೆ, ಇಲ್ಲಿ ಒಂದು ಸಾಲು ತೆಗೆಯಲಾಗಿದೆ ಎಂದು ಅಲ್ಲೇ ಕಾಣಬೇಕು. ನನ್ನ ಕನಿಕರದಿಂದ ಒಬ್ಬಳಿಗೆ ಸಿಗುತ್ತಿದ್ದದ್ದು ಅವರ ನಿಯಮದಿಂದ ಎಲ್ಲರಿಗೂ ಸಿಕ್ಕಿತು. ಸಿದ್ದರಾಜು ಅವರ ಸಾಲು ಬಹಳ ತಿಂಗಳು ಬಂತು: ತಮ್ಮ, ಸಿಟ್ಟು ಬಿಟ್ಟು ಮನೆಗೆ ಬಾ. ಒಂದು ವಾರ ನಿಂತಿತು. ತಮ್ಮ ಬಂದನೋ, ಅಣ್ಣನಿಗೇ ಸಾಕಾಯಿತೋ ತಿಳಿಯಲಿಲ್ಲ.

ಚಿಕ್ಕತಾಯಮ್ಮ ಬೂತಿನ ಮೆಟ್ಟಿಲು ಹತ್ತಲಿಲ್ಲ. ಪಕ್ಕದ ಹಿಟ್ಟಿನ ಗಿರಣಿಗೆ ರಾಗಿ ಹೊತ್ತು ಬರುತ್ತಿದ್ದರಂತೆ. ಕಣ್ಣು ಸರಿಯಾಗಿ ಬಂದ ಮಾದಪ್ಪ ನರಸೀಪುರದ ಸಾಲನ್ನು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಓದುತ್ತಿದ್ದರಂತೆ. ಹೀಗೆ ಎರಡು ವರ್ಷ ನಡೆಯಿತು.

ಒಂದು ಬೆಳಿಗ್ಗೆ ಕಳಲೆ ಕೇಂದ್ರದಿಂದ ಹೊಸ ಹೆಸರಿನಲ್ಲಿ ಒಂದು ಸಂದೇಶ ಬಂತು. ಹೆಸರು: ಬೆಟ್ಟಪ್ಪ. ಕೆಳಗಿನ ಪ್ರಶ್ನೆ: ರೇಷ್ಮೆ ಹುಳು ಸಾಕಲು ಮೊದಲು ಏನು ಮಾಡಬೇಕು? ಮೇಲಿನ ಸಾಲು: ಇತ್ತ ಉಳಿದವರು ಕ್ಷೇಮ.

ಮೂರು ಪದ. ಬೈಗುಳ ಇಲ್ಲ. ಪ್ರಶ್ನೆ ಇದೆ. ಒಪ್ಪಿಗೆಯ ಗುಂಡಿಯ ಮೇಲೆ ಬೆರಳು ಹೋಗಿತ್ತು. ಓದಿ ಹೊಡೀರಿ ಎಂದ ರಾಮಕೃಷ್ಣಯ್ಯನವರ ದನಿ ನೆನಪಾಯಿತು. ಮತ್ತೊಮ್ಮೆ ಓದಿದೆ: ಎಲ್ಲರೂ ಅಲ್ಲ, ಉಳಿದವರು. ಮಾದಪ್ಪನಿಗೆ ಫೋನ್ ಮಾಡಿದೆ.

"ಊ ಕಣಮ್ಮ," ಎಂದರು. "ಚಿಕ್ಕತಾಯಮ್ಮ ಓಗ್ಬುಟ್ಟದೆ. ಮೊನ್ನೆ ಮಣ್ಣು ಮಾಡುದ್ರು. ಗಂಡುಮಕ್ಳು ಮಂಗಳಾಗೆ ಏಳಾದು ಬ್ಯಾಡ ಅಂದವ್ರೆ. ಬೆಟ್ಟಪ್ಪ ಒಬ್ರೇ ಬಂದ್ರು ಬೆಳಗ್ಗೆ. ಆವಮ್ಮ ಗಿರಣಿ ತಾವ ನಿಂತ್ಕಂಡು ಕೇಳ್ತಿದ್ದುದ್ದು ಅವ್ರಿಗೆ ಗೊತ್ತಿತ್ತಂತೆ ಮೇಡಂ, ಮೊದ್ಲಿಂದ್ಲೂ. ಈ ಮೂರು ಮಾತು ಬರ್ಸಿದ್ರು. ಪ್ರಸ್ನೆ ಬೇಕೇ ಬೇಕು ಅಂದೆ, ಏನಾರ ಆಕ್ಕಳಪ್ಪ ಅಂದು ಅದ್ನೂ ಏಳುದ್ರು."

ಮಾರನೆಯ ದಿನ ಸಂತೆ. ನಾನು ಗುಂಡಿ ಒತ್ತಿದರೆ ಮಂಗಳಾ ನರಸೀಪುರದ ಕೇಂದ್ರಕ್ಕೆ ಬರುತ್ತಾಳೆ, ಬೆಂಚಿನ ತುಂಬ ಜನ ಕೂತಿರುತ್ತಾರೆ, ಕೇಂದ್ರದವರು ಏನೂ ತಿಳಿಯದೆ ಇದನ್ನು ಗಟ್ಟಿಯಾಗಿ ಓದುತ್ತಾರೆ. ತೆಗೆದುಹಾಕಿದರೆ ಆ ಮನುಷ್ಯ ಅಷ್ಟು ವರ್ಷಗಳ ಮೇಲೆ ಬಾಯಿ ಬಿಟ್ಟು ಹೇಳಿದ್ದು ಅಲ್ಲೇ ಸಾಯುತ್ತದೆ. ಸಂದೇಶವನ್ನು ತಡೆದು ಇಟ್ಟೆ. ತಡೆದರೆ ಕಾರಣವನ್ನು ತುಂಬಬೇಕು. ಹನ್ನೊಂದು ನಿಯಮಗಳನ್ನೂ ಮೇಲಿನಿಂದ ಕೆಳಗೆ ನೋಡಿದೆ. ಯಾವುದೂ ಅಲ್ಲ.

ಸುಧೀಂದ್ರ ಅವರ ಕೋಣೆಗೆ ಹೋಗಿ, "ಇದು ನಿಯಮದ ಪ್ರಕಾರ ಸರಿಯಾಗಿದೆ, ಆದರೂ ತಡೆದಿದ್ದೇನೆ," ಎಂದೆ. ಅವರು ಓದಿದರು. ಮೇಜಿನ ಮೇಲಿನ ಪೆನ್ನನ್ನು ಎತ್ತಿ ಮತ್ತೆ ಅದೇ ಜಾಗದಲ್ಲಿಟ್ಟರು.

"ನರಸೀಪುರದ ಬಸ್ಸು ಎಷ್ಟು ಹೊತ್ತಿಗಿದೆ?"

"ಇನ್ನು ಅರ್ಧ ಗಂಟೆಗೆ."

"ಹೋಗಿ. ನಿಮ್ಮ ಕುರ್ಚಿಯಲ್ಲಿ ನಾನು ಕೂರ್ತೀನಿ."

ಸಂದೇಶವನ್ನು ಪ್ರಿಂಟ್ ಮಾಡಿ ಮಡಿಸಿ ಚೀಲಕ್ಕೆ ಹಾಕಿಕೊಂಡೆ. ನರಸೀಪುರದಲ್ಲಿ ಇಳಿದು, ಆ ತಾಯಿ ಕೇಳಿಕೊಂಡು ಹೋದ ಹಾಗೆಯೇ ನಾನೂ ಮನೆ ಕೇಳಿಕೊಂಡು ಹೋದೆ. ಹುಳು ಹಣ್ಣಾಗಿ ಗೂಡು ಕಟ್ಟುವ ದಿನ. ಮನೆಮಂದಿಯೆಲ್ಲ ಹಣ್ಣು ಹುಳುಗಳನ್ನು ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುತ್ತಿದ್ದರು. ಇಷ್ಟು ವರ್ಷ ಅವಳ ಸಾಲು ಓದಿದ್ದೆ, ಮುಖ ನೋಡಿದ್ದು ಆಗಲೇ. ತಾಯಿಯದೇ ಸಣ್ಣ ಆಕಾರ. ಯಾರೆಂದು ಹೇಳಿದೆ. ಬಂದ ವಿಷಯವನ್ನೂ ಸುತ್ತಿಬಳಸದೆ ಹೇಳಿದೆ. ಈ ಸುದ್ದಿಯನ್ನು ಬೇರೆ ಹೇಗೆ ಹೇಳಬೇಕೆಂದು ನನಗೆ ಈಗಲೂ ಗೊತ್ತಿಲ್ಲ.

ಅವಳು ಕೈಯಲ್ಲಿದ್ದ ಹುಳುಗಳನ್ನು ಒಂದೊಂದಾಗಿ ಚಂದ್ರಿಕೆಗೆ ಬಿಟ್ಟಳು. ಆಮೇಲೆ ಗೋಡೆಗೆ ಒರಗಿ ಕೂತಳು. ಅವಳ ಗಂಡ ನೀರು ತಂದು ಪಕ್ಕದಲ್ಲಿ ಕೂತ. ಎಷ್ಟೋ ಹೊತ್ತು ಅತ್ತ ಮೇಲೆ ಕೇಳಿದಳು:

"ನಿಮ್ಗೆ ಯಾರು ಏಳುದ್ರು?"

"ನಿಮ್ಮಪ್ಪ ಬರೆಸಿದ್ದಾರೆ."

ಹಾಳೆ ಕೊಟ್ಟೆ. ಮೇಲಿನ ಸಾಲು ಓದಿದಳು. ಕೆಳಗಿನದನ್ನೂ ಓದಿದಳು.

"ಅಪ್ಪನ್ಗೆ ಉಳ ಕಂಡ್ರೇ ಆಗಾಕಿಲ್ಲ," ಎಂದಳು. "ಅಸಯ್ಯ ಪಡ್ತಿತ್ತು."

ಸುಮ್ಮನಿರಲಾರದೆ, ಹದಿನೈದು ವರ್ಷದ ಅಭ್ಯಾಸದಿಂದ, "ಪ್ರಶ್ನೆಗೆ ಉತ್ತರ ಏನು ಹಾಕಲಿ ಮಂಗಳಾ?" ಎಂದು ಕೇಳಿಬಿಟ್ಟೆ.

"ಏನೂ ಹಾಕ್ಬ್ಯಾಡಿ ಅಕ್ಕ. ನಾನೇ ಓಗಿ ಏಳ್ತೀನಿ."

ಗಂಡ ಎದ್ದು ಹುಳುವಿನ ತಟ್ಟೆಯ ಹತ್ತಿರ ಹೋದ. "ನೀನು ಓಗು. ಇದ್ನ ನಾವು ನೋಡ್ಕತೀವಿ," ಎಂದ. ನನ್ನ ಜೊತೆಯಲ್ಲೇ ಬಸ್ಸು ಹತ್ತಿದಳು. ನಂಜನಗೂಡಿನಲ್ಲಿ ಕಳಲೆಯ ಬಸ್ಸಿಗೆ ಕೂರಿಸಿ ಬಂದೆ. ಹಾಳೆ ಅವಳ ಕೈಯಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಕಚೇರಿಗೆ ಹೋಗಿ ಕಂಪ್ಯೂಟರ್ ತೆರೆದಾಗ ತಡೆಹಿಡಿದ ಪಟ್ಟಿಯಲ್ಲಿ ಬೆಟ್ಟಪ್ಪನ ಸಂದೇಶ ಹಾಗೇ ಇತ್ತು. ನಾನು ಖಾಲಿ ಬಿಟ್ಟು ಹೋಗಿದ್ದ ಕಾರಣದ ಜಾಗವನ್ನು ಸುಧೀಂದ್ರ ತುಂಬಿದ್ದರು. ನಿಯಮದ ಸಂಖ್ಯೆ ಇರಲಿಲ್ಲ. ಎರಡು ಪದ ಇದ್ದವು: ಖುದ್ದಾಗಿ ತಲುಪಿಸಲಾಗಿದೆ.